ಇಲಿಯ ಮುಂಗಾಲು, ಅತ್ತೆಯ ಕೈ

ನಮ್ಮ ಸೋದರತ್ತೆಗೆ ಲಕ್ವ ಹೊಡೆದ ವರ್ಷ ನಾನು ಇಲಿಗಳ ಮುಂಗಾಲಿಗೆ ಸೂಜಿ ಚುಚ್ಚಿ, ಆ ಸೂಜಿಗೆ ಸಣ್ಣದಾಗಿ ಕರೆಂಟು ಹಾಯಿಸುವ ಕೆಲಸ ಕಲಿಯುತ್ತಿದ್ದೆ. ಆ ಇಲಿಗಳಿಗೂ ಲಕ್ವವೇ ಆಗಿತ್ತು. ಎರಡೂ ಒಂದೇ ವರ್ಷ ಬಂದದ್ದು ಹೇಗೆ? ಬಂದವು, ಅಷ್ಟೆ.

ಅತ್ತೆ ಎಂದರೆ ಅಪ್ಪನ ತಂಗಿ. ಕೂಡ್ಲಿಗಿಯಲ್ಲಿ ಹೆದ್ದಾರಿಯ ಪಕ್ಕಕ್ಕೆ ಅವಳದೊಂದು ಖಾನಾವಳಿ ಇತ್ತು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡಾಗ ಕೊಟ್ಟೂರಿನ ತವರಿಗೆ ಬಂದು ಇರು ಎಂದು ಅಪ್ಪ ಎಷ್ಟು ಕರೆದರೂ ಬರಲಿಲ್ಲವಂತೆ. ಒಂದು ತಗಡಿನ ಚಪ್ಪರ ಹಾಕಿಸಿ, ಒಲೆ ಹೂಡಿ, ಜೋಳದ ರೊಟ್ಟಿ ಬಡಿಯಲು ಕೂತಳು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಚಪ್ಪರ ಹೋಗಿ ಆರ್‌ಸಿಸಿ ಬಂದಿತ್ತು, ಹೊಸಪೇಟೆಗೂ ಚಿತ್ರದುರ್ಗಕ್ಕೂ ನಡುವೆ ಓಡಾಡುವ ಲಾರಿಯವರು ಹಸಿವೆಯಾಗದಿದ್ದರೂ ಅಲ್ಲಿ ಗಾಡಿ ನಿಲ್ಲಿಸುತ್ತಿದ್ದರು. ರೊಟ್ಟಿ ಬಡಿಯುತ್ತಲೇ ಅವಳು ಹತ್ತು ಜನರ ಜೊತೆ ಮಾತಾಡುತ್ತಿದ್ದಳು. ಬಲಗೈ ತನ್ನ ಪಾಡಿಗೆ ತಾನು ಹಿಟ್ಟಿನ ಮೇಲೆ ತಿರುಗುತ್ತಿತ್ತು, ಬಾಯಿ ತನ್ನ ಪಾಡಿಗೆ. ಕೈ ಮತ್ತು ಮಾತು, ಅವಳ ಬದುಕು ನಿಂತಿದ್ದೇ ಆ ಎರಡರ ಮೇಲೆ.

ನಾನು ಫಾರ್ಮಸಿ ಓದಿ, ಅದರ ಮುಂದಿನ ಓದಿಗೆ ಹರಪನಹಳ್ಳಿಯ ಆಚೆ, ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಒಂದು ಕಾಲೇಜು ಸೇರಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು ಅವು. ಕಾಲೇಜಿನ ಹಿಂದೆ ಪ್ರಾಣಿಮನೆ, ಅದರೊಳಗೆ ಸಾಲು ಸಾಲು ಪಂಜರ, ಪಂಜರದಲ್ಲಿ ಕೆಂಪು ಕಣ್ಣಿನ ಬಿಳಿ ಇಲಿಗಳು. ಕೂಡ್ಲಿಗಿಗೆ ಹೋದಾಗ ನಾನು ಇದನ್ನು ಹೇಳಿದರೆ ಅತ್ತೆಗೆ ನಗು. ತಾನು ಜೋಳದ ಚೀಲ ಉಳಿಸಿಕೊಳ್ಳಲು ದಿನಾ ಬೋನು ಇಡುತ್ತಿದ್ದರೆ, ಅಣ್ಣನ ಮಗಳು ಅವಕ್ಕೆ ಹೊತ್ತೊತ್ತಿಗೆ ಕಾಳು ಹಾಕಿ ತೂಕ ನೋಡುತ್ತಾಳೆ ಎಂದು ಊಟಕ್ಕೆ ಕೂತವರಿಗೆಲ್ಲ ಹೇಳುತ್ತಿದ್ದಳು. 'ನಮ್ಮ ಸೊಸಿ ಇಲಿ ಡಾಕ್ಟ್ರು' ಎಂದು ನನ್ನ ಪರಿಚಯ ಮಾಡಿಕೊಡುತ್ತಿದ್ದಳು. ನಮ್ಮ ಕಡೆ ಅಣ್ಣನ ಮಗಳನ್ನು ಸೊಸೆ ಎಂದೇ ಕರೆಯುವುದು.

ನನಗೆ ಕೆಲಸ ಹೇಳಿಕೊಟ್ಟವರು ದಾವಣಗೆರೆ ಕಡೆಯ ಒಬ್ಬ ಮೇಡಂ. ಸಣ್ಣ ದನಿ, ಬಿಳಿ ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ಏಲಕ್ಕಿ. ಪಾರ್ಶ್ವವಾಯುವಿನ ಬಗ್ಗೆ ಅವರಿಗೆ ಒಂದು ಪ್ರಶ್ನೆ ಇತ್ತು, ಆ ಪ್ರಶ್ನೆಯನ್ನು ಅವರು ನನಗೆ ವಿವರಿಸಿದ್ದು ಜಾಲಿ ಮುಳ್ಳಿನಿಂದ. ಬೆರಳಿಗೆ ಮುಳ್ಳು ಚುಚ್ಚಿದರೆ ಚುಚ್ಚಿದ ಜಾಗ ಸಣ್ಣದು, ಮರುದಿನ ಬಾತುಕೊಳ್ಳುವುದು ಇಡೀ ಬೆರಳು. ಮುಳ್ಳಿಗಿಂತ ಬಾವು ಹೆಚ್ಚು ಕಾಡುತ್ತದೆ. ಮೆದುಳಲ್ಲೂ ಹಾಗೆಯೇ. ರಕ್ತ ನಿಂತ ಜಾಗದಲ್ಲಿ ಜೀವಕೋಶಗಳು ಬೇಗ ಸಾಯುತ್ತವೆ, ಅದು ಮುಳ್ಳು. ಆಮೇಲೆ ಸತ್ತದ್ದನ್ನು ಬಳಿದು ತೆಗೆಯಲು ದೇಹದ್ದೇ ಕಾವಲು ಕೋಶಗಳು ನುಗ್ಗುತ್ತವೆ, ಉರಿಯೂತ ಏಳುತ್ತದೆ, ಪಕ್ಕದಲ್ಲಿ ಬದುಕಬಹುದಾಗಿದ್ದ ಕೋಶಗಳೂ ಆ ಗದ್ದಲದಲ್ಲಿ ಹೋಗುತ್ತವೆ. ಬೆರಳಾದರೆ ಬಾತುಕೊಳ್ಳಲು ಜಾಗವಿದೆ. ತಲೆಬುರುಡೆಯೊಳಗೆ ಎಲ್ಲಿದೆ? ಇಷ್ಟು ಹೇಳಿ ಮೇಡಂ ತಮ್ಮ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದ್ದರು.

ಅವರ ಪ್ರಶ್ನೆ ಇಷ್ಟೇ: ಚೀನೀ ವೈದ್ಯದ ಅಕ್ಯುಪಂಕ್ಚರ್ ಸೂಜಿಗೆ ಕರೆಂಟು ಹಾಯಿಸಿದರೆ ಆ ಉರಿಯೂತ ತಗ್ಗುತ್ತದೆ ಎಂದು ಕೆಲವರು ಹೇಳುತ್ತಿದ್ದಾರಲ್ಲ, ಅದು ನಿಜವೇ, ನಮ್ಮ ಕೈಯಲ್ಲಿ ಕಾಣುತ್ತದೆಯೇ?

ನಿಜ ಹೇಳಬೇಕೆಂದರೆ ನನಗೆ ನಂಬಿಕೆ ಇರಲಿಲ್ಲ. ತೊಂದರೆ ಇರುವುದು ತಲೆಯಲ್ಲಿ, ಸೂಜಿ ಚುಚ್ಚುವುದು ಮೊಣಕೈಯ ಹೊರಮಗ್ಗುಲಿಗೆ. ಇನ್ನೊಂದು ಸೂಜಿ ನೆತ್ತಿಗೆ ಎನ್ನುವುದೇನೋ ಸರಿ, ಆದರೆ ಅದೂ ಚರ್ಮದೊಳಗೆ ಮಾತ್ರ, ಮೆದುಳಿನ ಹತ್ತಿರಕ್ಕೂ ಹೋಗುವುದಿಲ್ಲ. ಆದರೂ ಕಲಿತೆ. ಮೇಡಂ ಇಲಿಗೆ ಅರಿವಳಿಕೆ ಕೊಟ್ಟು, ಕತ್ತಿನ ರಕ್ತನಾಳದಿಂದ ಒಂದು ನೈಲಾನ್ ಎಳೆಯನ್ನು ಮೇಲಕ್ಕೆ ತೂರಿಸಿ, ಮೆದುಳಿನ ಎಡಭಾಗಕ್ಕೆ ಹೋಗುವ ರಕ್ತವನ್ನು ಸ್ವಲ್ಪ ಹೊತ್ತು ತಡೆದು, ಮತ್ತೆ ಎಳೆ ಹೊರಗೆ ತೆಗೆಯುತ್ತಿದ್ದರು. ಎಚ್ಚರವಾದ ಮೇಲೆ ಆ ಇಲಿಯನ್ನು ಬಾಲ ಹಿಡಿದು ಮೆಲ್ಲಗೆ ಎತ್ತಿದರೆ, ಒಳ್ಳೆಯ ಇಲಿಯ ಹಾಗೆ ಎರಡೂ ಮುಂಗಾಲನ್ನು ನೆಲದ ಕಡೆ ಚಾಚುತ್ತಿರಲಿಲ್ಲ. ಎಡಗಾಲು ಚಾಚುತ್ತಿತ್ತು, ಬಲಗಾಲು ಎದೆಗೆ ಮಡಚಿಕೊಳ್ಳುತ್ತಿತ್ತು. ನಮ್ಮ ಓಣಿಯಲ್ಲಿ ಲಕ್ವ ಹೊಡೆದ ಹಿರಿಯರೊಬ್ಬರು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಅವರ ಕೈ ಹೀಗೆಯೇ ಇರುತ್ತಿತ್ತು. ಅಷ್ಟು ದೊಡ್ಡ ದೇಹ, ಇಷ್ಟು ಸಣ್ಣ ದೇಹ, ಒಳಗಿನ ಕಟ್ಟೋಣ ಒಂದೇ.

ಮರುದಿನದಿಂದ ಸೂಜಿ ಹಾಕುವುದು ನನ್ನ ಪಾಲಿನ ಕೆಲಸ. ಕೆಲವು ಇಲಿಗಳಿಗೆ ಸೂಜಿ ಮತ್ತು ಕರೆಂಟು, ಕೆಲವಕ್ಕೆ ಬರೀ ಸೂಜಿ, ಕೆಲವಕ್ಕೆ ಏನೂ ಇಲ್ಲ. ಟ್ರಾನ್ಸಿಸ್ಟರಿನಷ್ಟು ದೊಡ್ಡ ಪೆಟ್ಟಿಗೆ, ಅದರಿಂದ ಹೊರಟ ತಂತಿಗಳು, ತಿರುಗಿಸುವ ಗುಂಡಿ. ಮುಂಗಾಲಿನ ಸ್ನಾಯು ನಾಡಿಯ ಹಾಗೆ ಸಣ್ಣಗೆ ಮಿಡಿಯುವಷ್ಟೇ ಗುಂಡಿ ತಿರುಗಿಸಬೇಕು, ಅದಕ್ಕಿಂತ ಹೆಚ್ಚು ಕೂಡದು. ಕೆಲವು ದಿನಗಳಾದ ಮೇಲೆ ಆ ಇಲಿಗಳಿಗೆ ನೋವಿಲ್ಲದ ಸಾವು ಕೊಟ್ಟು, ಮೆದುಳನ್ನು ತೆಳುವಾಗಿ ಕೊಯ್ದು, ಗಾಜಿನ ಮೇಲಿಟ್ಟು ಬಣ್ಣ ಹಾಕುತ್ತಿದ್ದೆವು. ಆ ಕೆಲಸದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಮೇಡಂ ಕೂಡ ಆ ದಿನ ಬರೀ ಚಹಾ ಕುಡಿಯುತ್ತಿದ್ದರು, ಅದನ್ನು ನಾನು ಗಮನಿಸಿದ್ದೆ.

ಹೀಗೆ ನಡೆದಿರುವಾಗ ಒಂದು ಮುಂಜಾನೆ ಕಾಲೇಜಿನ ಆಫೀಸಿಗೆ ಅಪ್ಪನ ಫೋನು ಬಂತು.

ಅತ್ತೆಯ ಖಾನಾವಳಿಗೆ ಹೊಂದಿಕೊಂಡು ಒಂದು ಗ್ಯಾರೇಜು. ಅದನ್ನು ನಡೆಸುತ್ತಿದ್ದವರನ್ನು ನಾವೆಲ್ಲ ಚಾಚಾ ಎಂದೇ ಕರೆಯುತ್ತಿದ್ದೆವು. ಲಾರಿ, ಜೀಪು ಎಲ್ಲವನ್ನೂ ರಿಪೇರಿ ಮಾಡುತ್ತಿದ್ದರು, ದಿನಾ ಬೆಳಿಗ್ಗೆ ಅತ್ತೆಯ ಕೈಯ ಮೊದಲ ಚಹಾ ಅವರಿಗೇ. ಆ ದಿನ ಚಹಾದ ಲೋಟ ತೆಗೆದುಕೊಳ್ಳಲು ಕೈ ಚಾಚಿದರೆ ಅತ್ತೆ ಲೋಟವನ್ನು ಗಾಳಿಯಲ್ಲೇ ಬಿಟ್ಟಳಂತೆ. ಬಿದ್ದದ್ದನ್ನು ನೋಡಲೂ ಇಲ್ಲವಂತೆ. ಚಾಚಾ ಮುಖ ನೋಡಿದರು: ಬಾಯಿಯ ಒಂದು ಮೂಲೆ ಕೆಳಗೆ ಜಾರಿತ್ತು. ಅವರು ಯಾರನ್ನೂ ಕೇಳುತ್ತ ನಿಲ್ಲಲಿಲ್ಲ. ರಿಪೇರಿಗೆ ಬಂದಿದ್ದ ಯಾರದೋ ಜೀಪಿನಲ್ಲಿ ಅವಳನ್ನು ಮಲಗಿಸಿಕೊಂಡು ನೇರ ದಾವಣಗೆರೆಗೆ ಹೊರಟುಬಿಟ್ಟರು. ಜೀಪಿನ ಯಜಮಾನರಿಗೆ ಆಮೇಲೆ ತಿಳಿಯಿತು, ಅವರೂ ಏನೂ ಅನ್ನಲಿಲ್ಲ.

ನಾನು ಆಸ್ಪತ್ರೆ ಮುಟ್ಟಿದಾಗ ಅಪ್ಪ ವರಾಂಡದಲ್ಲಿ ಕೂತಿದ್ದರು. ಡಾಕ್ಟರು ನನ್ನ ಓದು ಏನೆಂದು ಕೇಳಿ, ತಲೆಯ ಸ್ಕ್ಯಾನಿನ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಗಿಸಿ ತೋರಿಸಿದರು. ಎಡಭಾಗದಲ್ಲಿ ಒಂದು ಕಪ್ಪು ಛಾಯೆ. ಅದರ ಆಕಾರ ನನಗೆ ಗೊತ್ತಿತ್ತು. ಎಷ್ಟೋ ಗಾಜುಗಳ ಮೇಲೆ ಅದೇ ಆಕಾರವನ್ನು, ಕಡಲೆಕಾಳಿನಷ್ಟು ಸಣ್ಣದಾಗಿ, ಅದೇ ಜಾಗದಲ್ಲಿ ನೋಡಿದ್ದೆ. ಅಳು ಬಂತು, ಅಳುವಿನ ಜೊತೆಗೇ ಇನ್ನೊಂದು ಭಾವವೂ ಬಂತು. ಅದನ್ನು ಬೆರಗು ಎಂದೇ ಕರೆಯಬೇಕು. ಅತ್ತೆಯ ಅಷ್ಟೊಂದು ಮಾತು, ಬೈಗುಳ, ಹಾಸ್ಯ, ರೊಟ್ಟಿಯ ಲೆಕ್ಕ, ಗಿರಾಕಿಗಳ ಮಕ್ಕಳು ಮರಿಗಳ ಹೆಸರು ಎಲ್ಲ ಆ ಒಂದು ಹಿಡಿ ಜಾಗದಲ್ಲಿ ಇದ್ದವೇ? ಅಲ್ಲಿಗೆ ಹೋಗುವ ಒಂದು ಎಳೆ ರಕ್ತನಾಳ ಮುಚ್ಚಿದ್ದಕ್ಕೆ ಎಲ್ಲವೂ ಹೋದವೇ?

ಎಲ್ಲವೂ ಹೋಗಿರಲಿಲ್ಲ. ಒಂದು ಪದ ಉಳಿದಿತ್ತು. ಮನೆಗೆ ಕರೆತಂದ ಮೇಲೆ ಅತ್ತೆ ಯಾವುದಕ್ಕೂ 'ಬಸ್ಸು' ಎನ್ನತೊಡಗಿದಳು. ನೀರು ಬೇಕಾದರೂ ಬಸ್ಸು, ಕಾಲು ನೋಯುತ್ತಿದ್ದರೂ ಬಸ್ಸು. ಬೇಸರವಾದರೆ ಗಟ್ಟಿಯಾಗಿ ಬಸ್ಸು, ನನ್ನನ್ನು ಕಂಡರೆ ಮೆತ್ತಗೆ ಬಸ್ಸು. ರಾಗದಿಂದ ಅರ್ಥ ಹಿಡಿಯಲು ನಾವೆಲ್ಲ ಕಲಿತೆವು. ಚಾಚಾ ಎಲ್ಲರಿಗಿಂತ ಬೇಗ ಕಲಿತರು. ಖಾನಾವಳಿಯನ್ನು ಅವಳ ಕೈಕೆಳಗೆ ಕೆಲಸ ಮಾಡುತ್ತಿದ್ದ ಹೆಂಗಸರು ಹೇಗೋ ನಡೆಸಿದರು, ಅತ್ತೆ ಒಳಕೋಣೆಯ ಮಂಚದ ಮೇಲೆ ಬಲಗೈಯನ್ನು ಎದೆಗೆ ಮಡಚಿಕೊಂಡು ಮಲಗಿರುತ್ತಿದ್ದಳು.

ನೋಡಲು ಬಂದ ನೆಂಟರಿಗೆಲ್ಲ ನನ್ನ ಇಲಿಗಳ ವಿಷಯ ಗೊತ್ತಿತ್ತಲ್ಲ. ಇಲಿಗೆ ಹಾಕುವ ಸೂಜಿಯನ್ನು ಅತ್ತೆಗೆ ಹಾಕಬಾರದೇ ಎಂದು ಒಬ್ಬೊಬ್ಬರೂ ಕೇಳಿದರು. ಇಟ್ಟಿಗಿ ಊರಿನಿಂದ ಬಂದ ದೊಡ್ಡಮ್ಮ ಅಂತೂ, ಮನೆಯಲ್ಲಿ ಬಾವಿ ಇಟ್ಟುಕೊಂಡು ನೀರಡಿಸಿ ಕೂತಿದ್ದೀರಿ ಎಂದು ನೊಂದುಕೊಂಡರು. ನಾನು ಕಾಲೇಜಿಗೆ ಮರಳಿ ಮೇಡಂಗೆ ಅದನ್ನೇ ಕೇಳಿದೆ.

"ಇಲಿ ಮನುಷ್ಯ ಅಲ್ಲ," ಅಂದರು. "ನಮ್ಮ ಗಾಜುಗಳ ಮೇಲಿನ ಕೋಶಗಳನ್ನ ಇನ್ನೂ ಎಣಿಸೇ ಇಲ್ಲ. ಇಲಿಗೇ ಗುಣ ಆಗುತ್ತೋ ಇಲ್ಲೋ ನನಗೆ ಗೊತ್ತಿಲ್ಲ. ನೀನಂತೂ ಕೈ ಹಾಕ್ಬೇಡ. ಮನುಷ್ಯರಿಗೆ ಹಾಕೋ ಡಾಕ್ಟರು ಇದ್ದಾರೆ, ಅವರನ್ನ ಕೇಳು. ಆದ್ರೆ ಆಸ್ಪತ್ರೆ ಮಾತ್ರೆ ಒಂದೂ ತಪ್ಪಿಸ್ಬೇಡ, ವ್ಯಾಯಾಮ ಬಿಡಿಸ್ಬೇಡ."

ಹಗರಿಬೊಮ್ಮನಹಳ್ಳಿಯಲ್ಲಿ ಅಂಥವರೊಬ್ಬರಿದ್ದರು. ಇಂಗ್ಲಿಷ್ ಔಷಧಿಯ ಡಾಕ್ಟರೇ, ಸೂಜಿಯನ್ನು ಆಮೇಲೆ ಕಲಿತವರು. ಆಸ್ಪತ್ರೆಯ ಕಾಗದಗಳನ್ನೆಲ್ಲ ನೋಡಿ, ರಕ್ತದೊತ್ತಡ ಹತೋಟಿಯಲ್ಲಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಒಪ್ಪಿದರು. ಮಾತು ಬರುತ್ತದೆ, ಕೈ ಬರುತ್ತದೆ ಎಂದು ಭರವಸೆ ಕೊಡಲಿಲ್ಲ. ಕೆಲವರಿಗೆ ಬರುತ್ತದೆ, ಕೆಲವರಿಗೆ ಇಲ್ಲ ಎಂದರು. ಚಾಚಾ ಗ್ಯಾರೇಜಿನ ಮೂಲೆಯಲ್ಲಿ ಕೆಟ್ಟು ನಿಂತಿದ್ದ ತಮ್ಮ ಹಳೆಯ ಜೀಪನ್ನು ಓಡುವಂತೆ ಮಾಡಿ, ಅದರ ಹಿಂದಿನ ಸೀಟು ಕಿತ್ತು, ಅಲ್ಲಿ ಒಂದು ಹಾಸಿಗೆ ಹಾಸಿ, ವಾರ ವಾರ ಅತ್ತೆಯನ್ನು ಕರೆದುಕೊಂಡು ಹೋಗತೊಡಗಿದರು. ನನಗೆ ರಜೆ ಸಿಕ್ಕಾಗಲೆಲ್ಲ ನಾನೂ ಜೊತೆಗಿರುತ್ತಿದ್ದೆ.

ಮೊದಲ ದಿನ ಡಾಕ್ಟರು ಅವಳ ಮೊಣಕೈಯ ಹೊರಮಗ್ಗುಲು ಒತ್ತಿ ಜಾಗ ಹುಡುಕಿದಾಗ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅದೇ ಜಾಗ. ಇಲಿಯಲ್ಲಿ ಎಳ್ಳಿನಷ್ಟು ಅಗಲ, ಇಲ್ಲಿ ನಾಣ್ಯದಷ್ಟು. ಸೂಜಿ ಹಾಕಿದರು, ತಂತಿ ಸಿಗಿಸಿದರು, ಗುಂಡಿ ತಿರುಗಿಸಿದರು. ತಿಂಗಳಿನಿಂದ ಕಟ್ಟಿಗೆಯ ಹಾಗೆ ಬಿದ್ದಿದ್ದ ಕೈಯ ಬೆರಳುಗಳು ಸಣ್ಣಗೆ ಕುಣಿಯತೊಡಗಿದವು. ಅದು ಬರೀ ಕರೆಂಟಿನ ಆಟ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಸ್ನಾಯುವಿಗೆ ಕರೆಂಟು ಮುಟ್ಟಿದರೆ ಅದು ಮಿಡಿಯಲೇಬೇಕು, ಅದರಲ್ಲಿ ಗುಣವಾದದ್ದರ ಗುರುತು ಏನೂ ಇಲ್ಲ. ಗೊತ್ತಿದ್ದೂ ಆ ಬೆರಳುಗಳನ್ನೇ ಬಗ್ಗಿ ನೋಡಿದೆ. ಅತ್ತೆ ತನ್ನ ಕೈಯನ್ನು, ದೂರದ ಊರಿಂದ ಬಂದ ನೆಂಟರನ್ನು ನೋಡುವ ಹಾಗೆ ನೋಡುತ್ತಿದ್ದಳು. ಚಾಚಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ಕೆಲವು ವಾರ ಹೀಗೆಯೇ ಹೋದವು. ಹೆಬ್ಬೆರಳಿನ ಬುಡಕ್ಕೆ ಸೂಜಿ ಹಾಕಿದ ಒಂದು ದಿನ ಅತ್ತೆ ಹಲ್ಲು ಕಚ್ಚಿ ಹುಬ್ಬು ಗಂಟಿಕ್ಕಿದಳು. ಡಾಕ್ಟರು ಕೈ ನಿಲ್ಲಿಸಿ ಮುಖ ನೋಡಿದರು. ಅತ್ತೆಯ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಅವಳಿಗೆ ನೋವಾಗಿತ್ತು. ಆ ಕೈಗೆ ನೋವು ಗೊತ್ತಾದದ್ದು ಅದೇ ಮೊದಲು. ಒಬ್ಬ ಮನುಷ್ಯ ನೋವಿಗೆ ಅಷ್ಟು ಸಂತೋಷಪಟ್ಟದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಅದಾದ ಮೇಲೆಯೇ ಅವಳು ಇಲಿಗಳನ್ನು ನೋಡಬೇಕೆಂದು ಹಟ ಹಿಡಿದದ್ದು. ಬಾಯಲ್ಲಿ ಬಸ್ಸು ಬಸ್ಸು ಎನ್ನುತ್ತ, ಎಡಗೈಯಿಂದ ಕಿವಿಯ ಆಕಾರ ಮಾಡಿ, ಮೂಗಿನ ಹತ್ತಿರ ಬೆರಳುಗಳನ್ನು ಮೀಸೆಯ ಹಾಗೆ ಆಡಿಸಿ, ನನ್ನ ಕಡೆ ತೋರಿಸಿದಳು. ಎಲ್ಲರಿಗೂ ಅರ್ಥವಾಯಿತು. ಮೇಡಂ ಒಪ್ಪುವುದಿಲ್ಲ ಎಂದುಕೊಂಡೇ ಕೇಳಿದೆ. ಅವರು ಒಪ್ಪಿದ್ದಷ್ಟೇ ಅಲ್ಲ, ಆ ದಿನ ತಾವೇ ಬಾಗಿಲಲ್ಲಿ ನಿಂತು ಕಾಯುತ್ತಿದ್ದರು. ಚಾಚಾನ ಜೀಪು ಕೂಡ್ಲಿಗಿಯಿಂದ ಕೊಟ್ಟೂರು, ಹರಪನಹಳ್ಳಿ ದಾಟಿ ಮಧ್ಯಾಹ್ನಕ್ಕೆ ಬಂತು. ಅತ್ತೆ ಒಳ್ಳೆಯ ಇಳಕಲ್ಲು ಸೀರೆ ಉಡಿಸಿಕೊಂಡಿದ್ದಳು. ಒಂದು ಕಡೆ ಚಾಚಾ, ಒಂದು ಕಡೆ ನಾನು ಹಿಡಿದುಕೊಂಡು ಪ್ರಾಣಿಮನೆಯೊಳಗೆ ನಡೆಸಿದೆವು. ಬಲಗಾಲು ಎಳೆಯುತ್ತಿತ್ತು, ಆದರೂ ನಡೆದಳು.

ಎರಡು ದಿನದ ಹಿಂದೆ ಲಕ್ವವಾಗಿದ್ದ ಒಂದು ಇಲಿಯನ್ನು ಮೇಡಂ ಹೊರಗೆ ತೆಗೆದು, ನಾವು ದಿನಾ ನೋಡುವ ಹಾಗೆ ಮೆಲ್ಲಗೆ ಎತ್ತಿ ಹಿಡಿದರು. ಅದರ ಬಲ ಮುಂಗಾಲು ಎದೆಗೆ ಮಡಚಿಕೊಂಡಿತು. ಅತ್ತೆ ಅದನ್ನು ನೋಡಿದಳು. ಆಮೇಲೆ ಕತ್ತು ಬಗ್ಗಿಸಿ ತನ್ನ ಎದೆಗೆ ಮಡಚಿದ್ದ ಬಲಗೈ ನೋಡಿದಳು. ಮತ್ತೆ ಇಲಿಯನ್ನು ನೋಡಿದಳು. ಅವಳು ಎಡಗೈಯ ಒಂದು ಬೆರಳನ್ನು ಚಾಚಿ ಆ ಇಲಿಯ ಮಡಚಿದ ಕಾಲನ್ನು ಮುಟ್ಟಿದಳು. ಇಲಿ ಅವಳ ಬೆರಳನ್ನು ಮೂಸಿತು.

ನಂತರ ಪಂಜರಗಳ ಕಡೆ ಕೈ ತೋರಿಸಿ ಅವಳು ಹುಬ್ಬು ಎತ್ತಿದಳು. ಆಮೇಲೆ ಇವು ಏನಾಗುತ್ತವೆ ಎಂಬುದು ಆ ಪ್ರಶ್ನೆ. ನಾನು ಮೇಡಂ ಮುಖ ನೋಡಿದೆ, ಅವರು ಇದ್ದದ್ದನ್ನು ಹೇಳು ಎನ್ನುವ ಹಾಗೆ ತಲೆ ಆಡಿಸಿದರು. ಹೇಳಿದೆ. ಅತ್ತೆ ಕಣ್ಣು ಮುಚ್ಚಿ, ಎಡಗೈಯನ್ನು ಹಣೆಗೆ ಮುಟ್ಟಿಸಿಕೊಂಡಳು. ಮನೆಯಲ್ಲಿ ದೇವರ ಮುಂದೆ ನಿಂತಾಗ ಮಾಡುವ ಹಾಗೆ.

ಮೇಡಂ ಅವಳನ್ನು ಪಕ್ಕದ ಕೋಣೆಗೆ ಕರೆದೊಯ್ದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಕಾವಲು ಕೋಶಗಳಿಗೆ ಮಾತ್ರ ಅಂಟುವ ಒಂದು ಕಂದು ಬಣ್ಣವನ್ನು ಬೆಂಗಳೂರಿನಿಂದ ತರಿಸಿದ್ದೆವು. ಮೊದಲು ಮೆದುಳಿನ ಒಳ್ಳೆಯ ಭಾಗವನ್ನು ತೋರಿಸಿದರು. ಅಲ್ಲಿ ಆ ಕೋಶಗಳು ದೂರ ದೂರ ಇರುತ್ತವೆ, ಒಂದೊಂದಕ್ಕೂ ಬೇರಿನಂಥ ಸಣ್ಣ ಸಣ್ಣ ಎಳೆಗಳು, ತಮ್ಮ ಪಾಡಿಗೆ ತಾವು ನಿಂತ ಗಿಡಗಳ ಹಾಗೆ. ಆಮೇಲೆ ಗಾಜನ್ನು ಸರಿಸಿ ಪೆಟ್ಟಾದ ಕಡೆಯನ್ನು ತಂದರು. ಅಲ್ಲಿ ಅವು ಎಳೆಗಳನ್ನು ಒಳಗೆಳೆದುಕೊಂಡು, ಮೈ ಉಬ್ಬಿಸಿಕೊಂಡು, ಒಂದರ ಮೇಲೊಂದು ಬಿದ್ದು ಗುಂಪುಗಟ್ಟಿರುತ್ತವೆ.

ಅತ್ತೆ ಎಡಗಣ್ಣಿಟ್ಟು ನೋಡುತ್ತಲೇ ಇದ್ದಳು. ಅವಳ ತುಟಿ ಅಲುಗಿತು.

"ಇರುವಿ," ಅಂದಳು.

ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ನಿಂತೆ. ಅವಳು ಕಣ್ಣು ತೆಗೆಯದೆ ಮತ್ತೆ ಅಂದಳು: "ಇರುವಿ. ಇರುವಿ ಮುತ್ಯಾವ."

ಇರುವೆ ಮುತ್ತಿವೆ. ಸರಿಯಾಗಿಯೇ ಹೇಳಿದ್ದಳು, ಸತ್ತ ಹುಳಕ್ಕೆ ಕಂದು ಇರುವೆಗಳು ಮುತ್ತಿದ ಹಾಗೆಯೇ ಕಾಣುತ್ತಿತ್ತು ಅದು. ಬಾಗಿಲ ಹತ್ತಿರ ನಿಂತಿದ್ದ ಚಾಚಾ ನನ್ನ ಕಡೆ ತಿರುಗಿ, ಅಕ್ಕ ಮಾತಾಡಿದರಲ್ಲ ಎಂದು ಪಿಸುಗುಟ್ಟಿದರು. ಮೇಡಂ ಗಾಜನ್ನು ಅಲ್ಲಿಯೇ ಹಿಡಿದು ನಿಂತುಬಿಟ್ಟರು, ಸರಿಸಲಿಲ್ಲ. ತನ್ನ ತಲೆಯೊಳಗೆ ಆಗಿದ್ದು ಏನೆಂದು ಅತ್ತೆ ನೋಡಿದ್ದಳು, ನೋಡಿದ್ದಕ್ಕೆ ತಾನೇ ಹೆಸರು ಹುಡುಕಿದ್ದಳು. ಹೆಸರು ಹುಡುಕಿ ತೆಗೆಯುವ ಆ ಜಾಗಕ್ಕೇ ಅಲ್ಲವೇ ಪೆಟ್ಟು ಬಿದ್ದಿದ್ದು?

ಮುಂದಿನ ತಿಂಗಳು ಗಾಜುಗಳ ಮೇಲಿನ ಕಾವಲು ಕೋಶಗಳ ಎಣಿಕೆ ಮುಗಿಯಿತು. ಯಾವ ಗಾಜು ಯಾವ ಇಲಿಯದು ಎಂದು ನನಗೆ ತಿಳಿಯದಿರಲಿ ಎಂದು ಮೇಡಂ ಗುರುತಿನ ಮೇಲೆ ಬ್ಯಾಂಡೇಜಿನ ಪಟ್ಟಿ ಅಂಟಿಸಿದ್ದರು. ತಿಳಿದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ ಎಂದು ಅವರ ಭಯ. ಹಾಗಾಗಿ ಎಣಿಸುವಾಗ ನನಗೆ ಕಂದು ಗುಂಪು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಗುಂಪು ದಟ್ಟವಾದವನ್ನು ಎಡಕ್ಕೆ, ತೆಳುವಾದವನ್ನು ಬಲಕ್ಕೆ ಜೋಡಿಸಿಕೊಂಡು ಕೂತೆವು. ಮೇಡಂ ಬಲಗಡೆಯ ಮೊದಲ ಗಾಜಿನ ಪಟ್ಟಿ ಕಿತ್ತರು. ಕರೆಂಟು ಹಾಯಿಸಿದ ಇಲಿ. ಎರಡನೆಯದು ಕಿತ್ತರು, ಅದೂ ಅದೇ. ಮೂರನೆಯದನ್ನು ಕಿತ್ತು ನನಗೆ ತೋರಿಸಿದರು, ಅದೂ ಅದೇ. ಎಲ್ಲವೂ ಹಾಗೆಯೇ ಇರಲಿಲ್ಲ. ಕರೆಂಟು ಹಾಯಿಸಿಯೂ ಇರುವೆ ಮುತ್ತಿದ ಗಾಜುಗಳಿದ್ದವು, ಏನೂ ಮಾಡದೆ ಶಾಂತವಾಗಿದ್ದ ಒಂದು ಗಾಜೂ ಇತ್ತು. ಆದರೂ ಬಲಗಡೆ ಹೆಚ್ಚಿನವು ಕರೆಂಟಿನ ಇಲಿಗಳೇ ಆಗಿದ್ದವು.

ಮೊಣಕೈಗೆ ಚುಚ್ಚಿದ ಸೂಜಿಯ ಸುದ್ದಿ ಅಷ್ಟು ದೂರದ ಕೋಶಗಳಿಗೆ ಮುಟ್ಟುವುದು ಹೇಗೆ ಎಂದು ಕೇಳಿದೆ. ನರಗಳ ಮೂಲಕ ಇರಬಹುದು, ಹೊಟ್ಟೆ ಹೃದಯಗಳಿಗೆ ಇಳಿಯುವ ದೊಡ್ಡ ನರ ಒಂದಿದೆ, ಉರಿಯೂತಕ್ಕೆ ಕಡಿವಾಣ ಹಾಕುವುದು ಅದು ಎಂದು ಈಚೆಗೆ ಕೆಲವರು ಹೇಳುತ್ತಾರೆ, ಆ ದಾರಿಯೂ ಇರಬಹುದು ಎಂದು ಮೇಡಂ ವಿವರಿಸುತ್ತ ಹೋದರು. ಅರ್ಧಕ್ಕೆ ನಿಲ್ಲಿಸಿ ಜೇಬಿನಿಂದ ಏಲಕ್ಕಿ ತೆಗೆದು ಬಾಯಿಗೆ ಹಾಕಿಕೊಂಡರು.

"ಗೊತ್ತಿಲ್ಲ ಕಣೇ," ಅಂದರು. ಅಷ್ಟು ಸಂತೋಷದಿಂದ ಆ ಮಾತು ಹೇಳಿದವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅತ್ತೆಗೆ ಮಾತು ಬಂತು. ಒಮ್ಮೆಗೇ ಅಲ್ಲ. ಇರುವೆಯ ಹಿಂದೆ ಉಪ್ಪು ಬಂತು, ಚಾಚಾನ ಹೆಸರು ಬಂತು, ಬೈಗುಳಗಳಂತೂ ಗೊಂಚಲು ಗೊಂಚಲಾಗಿ ಬಂದವು. ಕಾಲು ಎಳೆಯುವುದು ಕಡಿಮೆಯಾಯಿತು. ಬಲಗೈ ಮಾತ್ರ ಪೂರ್ತಿ ಬರಲಿಲ್ಲ. ರೊಟ್ಟಿಯನ್ನು ಎಡಗೈಯಲ್ಲಿ ಬಡಿಯಲು ಕಲಿತಳು, ಬಲಗೈ ಹಿಟ್ಟನ್ನು ಹಿಡಿದು ತಿರುಗಿಸುವಷ್ಟು ಮಾತ್ರ ಒದಗುತ್ತಿತ್ತು. ರೊಟ್ಟಿ ಮೊದಲಿನಷ್ಟು ದುಂಡಗಿರುತ್ತಿರಲಿಲ್ಲ, ಲಾರಿಯವರು ಗೊಣಗಲಿಲ್ಲ. ಇದರಲ್ಲಿ ಸೂಜಿಯ ಪಾಲೆಷ್ಟು, ಆಸ್ಪತ್ರೆಯ ಮಾತ್ರೆಯ ಪಾಲೆಷ್ಟು, ಹೊತ್ತು ಹೋದಂತೆ ತಾನೇ ಮಾಯುವ ಮೆದುಳಿನ ಪಾಲೆಷ್ಟು, ಸೈಕಲ್ಲಿನ ಹಳೆಯ ಟ್ಯೂಬು ಕತ್ತರಿಸಿ ಚೆಂಡು ಮಾಡಿ ದಿನಾ ಅವಳ ಕೈಯಲ್ಲಿಟ್ಟು ಹಿಚುಕಿಸಿದ ಚಾಚಾನ ಪಾಲೆಷ್ಟು ಎಂದು ನನ್ನಿಂದ ಬಿಡಿಸಿ ಹೇಳಲಾಗುವುದಿಲ್ಲ. ಇಲಿಗಳಾದರೆ ಪಂಜರ ಬೇರೆ ಬೇರೆ ಇಡಬಹುದು. ಅತ್ತೆ ಒಬ್ಬಳೇ ಇದ್ದಳು.

ಕೆಲವು ವರ್ಷಗಳ ನಂತರ ಹರಪನಹಳ್ಳಿ ತಾಲೂಕಿನ ಹಲವಾಗಲಿನಲ್ಲಿ ನೆಂಟರ ಮಗುವಿಗೆ ತೊಟ್ಟಿಲಿಗೆ ಹಾಕುವ ಶಾಸ್ತ್ರವಿತ್ತು. ಊಟವಾದ ಮೇಲೆ ನಾನು ಅತ್ತೆ ಇಬ್ಬರೇ ತುಂಗಭದ್ರೆಯ ದಂಡೆಗೆ ಹೋಗಿ ಕೂತೆವು. ನೀರು ಕಡಿಮೆಯಿತ್ತು, ಆಚೆ ದಂಡೆಯಲ್ಲಿ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು. ಆ ತಿಂಗಳುಗಳಲ್ಲಿ ಒಳಗೆ ಹೇಗಿತ್ತು ಎಂದು ನಾನು ಅವಳನ್ನು ಯಾವತ್ತೂ ಕೇಳಿರಲಿಲ್ಲ. ಆ ದಿನ ಕೇಳಿದೆ.

ಈಗಲೂ ಮಾತನ್ನು ಹುಡುಕಿ ತೆಗೆಯಬೇಕಿತ್ತು ಅವಳಿಗೆ, ಒಂದೊಂದು ಸಾಲಿನ ನಡುವೆ ತಡೆದು ನಿಲ್ಲುತ್ತಿದ್ದಳು.

"ಮಾತು ಹೋಗಿದ್ದಿಲ್ಲವ್ವಾ. ಎಲ್ಲಾ ಇದ್ವು. ನೀನು ಬಂದ್ರ ನಿನ್ನ ಹೆಸರು ಕಣ್ಣ ಮುಂದ ನಿಂತಿರತಿತ್ತು. ಅದರ ಮ್ಯಾಲ ಕೈ ಇಡಾಕ ಆಗತಿದ್ದಿಲ್ಲ."

ಅಂಜಿಕೆಯಾಗಿತ್ತೇ ಎಂದೆ. ಮೊದಲ ದಿನ ಆಗಿತ್ತು, ಆಮೇಲೆ ಇಲ್ಲ ಎಂದಳು. ಆಮೇಲೆ ಒಳಗೆಲ್ಲ ಸಪ್ಪಳವೇ ಇಲ್ಲದ ಹಾಗಾಗಿತ್ತಂತೆ. ನಾವು ಮಂಚದ ಸುತ್ತ ನಿಂತು ಮಾತಾಡುತ್ತಿದ್ದದ್ದು ಬೆಳಗಿನ ಹಕ್ಕಿಗಳ ಗಲಾಟೆಯ ಹಾಗೆ ಕೇಳುತ್ತಿತ್ತಂತೆ. ಮೊದಮೊದಲು ಅರ್ಥವಾಗುತ್ತಿರಲಿಲ್ಲ, ಆದರೂ ಕೇಳಲು ಚೆನ್ನಾಗಿತ್ತಂತೆ.

"ಈ ಕೈ ಐತಲ್ಲ," ಎಂದು ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. "ಇದು ನಂದು ಅಂತ ಗೊತ್ತಿದ್ದಿಲ್ಲ. ಯಾರೋ ನನ್ನ ಮಗ್ಗಲಾಗ ಮರತು ಬಿಟ್ಟು ಹೋಗ್ಯಾರ ಅನಸತಿತ್ತು. ಹುಡುಕಿ ಕೊಡಬೇಕು ಅವರಿಗೆ, ಪಾಪ, ಕೈ ಇಲ್ಲದ ಹೆಂಗ ಮಾಡತಾರ ಅಂತ ಚಿಂತಿ ಹತ್ತಿತ್ತು."

ನಾನು ಓದಿದ ಯಾವ ಪುಸ್ತಕದಲ್ಲೂ ಅದು ಇರಲಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಎಷ್ಟು ದೊಡ್ಡದು ಮಾಡಿ ನೋಡಿದರೂ ಕಾಣುವಂಥದ್ದಲ್ಲ ಅದು. ನಾನು ಅವಳ ಆ ಕೈಯನ್ನು ನನ್ನ ಕೈಯಲ್ಲಿ ತೆಗೆದುಕೊಂಡೆ. ಬೆಚ್ಚಗಿತ್ತು.

ಊರಿಗೆ ಮರಳಿದ ಮೇಲೆ ಮೇಡಂಗೆ ಫೋನು ಮಾಡಿ ಅತ್ತೆ ಹೇಳಿದ್ದನ್ನೆಲ್ಲ ಹೇಳಿದೆ. ಆ ಹೊತ್ತಿಗೆ ಅವರು ಬೇರೆ ಊರಿನ ಕಾಲೇಜಿನಲ್ಲಿದ್ದರು. ಎಲ್ಲ ಕೇಳಿದ ಮೇಲೆ ಅವರು, ಕೈಯ ವಿಷಯ ಹೇಳಿದೆಯಲ್ಲ, ಅದನ್ನು ಇನ್ನೊಂದು ಸಲ ಹೇಳು, ನಿಧಾನವಾಗಿ ಹೇಳು, ಬರೆದುಕೊಳ್ಳುತ್ತೇನೆ ಎಂದರು.